ಹೊಸಬರಿಗೆ ಮಾರ್ಗದರ್ಶಿ: ರೀಸಾ ಕಚೇರಿಯ ಡೈರೆಕ್ಟರುಗಳು ಎಲ್ಲಿಂದ ಬಂದವರು?

ಮಿಷಿಗನ್‌ಗೆ ಹೊಸದಾಗಿ ಬಂದ ಕುಟುಂಬಗಳಿಗಾಗಿ ಇದನ್ನು ಬರೆಯುತ್ತಿದ್ದೇವೆ. ನೋವೈ, ಟ್ರಾಯ್, ಕ್ಯಾಂಟನ್, ಆನ್ ಆರ್ಬರ್, ಎಲ್ಲಿ ಮನೆ ಮಾಡಿದ್ದರೂ ಓದಿ.

ನಮಗೆಲ್ಲ ಒಂದು ಅಭ್ಯಾಸ ಇದೆ. ಶಾಲೆಯಲ್ಲಿ ಏನಾದರೂ ತೊಂದರೆ ಆದರೆ "ಇವರ ಮೇಲೆ ಯಾರಿದ್ದಾರೆ?" ಅಂತ ಹುಡುಕುತ್ತೇವೆ. ಊರಲ್ಲಿ ಬಿಇಒ, ಡಿಡಿಪಿಐ ಕಚೇರಿ ನೋಡಿ ಬೆಳೆದವರು ನಾವು. ಇಲ್ಲಿ ಊರಿನ ಶಾಲೆಗಳನ್ನು ನಡೆಸುವ ಸ್ಕೂಲ್ ಡಿಸ್ಟ್ರಿಕ್ಟ್ ಮೇಲೆ ರೀಸಾ ಅಂತ ಇನ್ನೊಂದು ಕಚೇರಿ ಇದೆ ಅಂತ ಗೊತ್ತಾದ ಕೂಡಲೇ ಅದನ್ನೇ ಡಿಡಿಪಿಐ ಆಫೀಸ್ ಅಂದುಕೊಳ್ಳುತ್ತೇವೆ. ಅದು ಹಾಗಲ್ಲ.

ಏನಿದು ಕಚೇರಿ

1962ರ ಕಾನೂನಿನಿಂದ ಹುಟ್ಟಿದ ಇಂಟರ್‌ಮೀಡಿಯಟ್ ಸ್ಕೂಲ್ ಡಿಸ್ಟ್ರಿಕ್ಟ್‌ಗಳು ಇವು. ಬಾಯಿಮಾತಲ್ಲಿ ಐಎಸ್‌ಡಿ. ರಾಜ್ಯದಲ್ಲಿ 56 ಇವೆ. ವೇಯ್ನ್ ಕೌಂಟಿಯಲ್ಲಿ ಇದರ ಹೆಸರು ವೇಯ್ನ್ ರೀಸಾ, ಅಂದರೆ ರೀಜನಲ್ ಎಜುಕೇಶನಲ್ ಸರ್ವೀಸ್ ಏಜೆನ್ಸಿ. ಅದರ ಕೆಳಗೆ 33 ಡಿಸ್ಟ್ರಿಕ್ಟ್. ಓಕ್ಲ್ಯಾಂಡ್ ಕೌಂಟಿಯಲ್ಲಿ ಓಕ್ಲ್ಯಾಂಡ್ ಸ್ಕೂಲ್ಸ್, ಅಲ್ಲಿ 28. ಆನ್ ಆರ್ಬರ್ ಕಡೆಯವರಿಗೆ ವಾಷ್ಟೆನಾ ಐಎಸ್‌ಡಿ. ಕೆಲಸ ಒಂದೇ. ಒಂದೊಂದು ಡಿಸ್ಟ್ರಿಕ್ಟ್‌ಗೆ ಒಬ್ಬಂಟಿಯಾಗಿ ಮಾಡಲು ಕಷ್ಟವಾದದ್ದನ್ನು ಇವರು ಸೇರಿಸಿ ಮಾಡುತ್ತಾರೆ. ಸ್ಪೆಷಲ್ ಎಜುಕೇಶನ್ (ವಿಶೇಷ ಅಗತ್ಯ ಇರುವ ಮಕ್ಕಳ ಶಿಕ್ಷಣ), ಶಿಕ್ಷಕರ ತರಬೇತಿ, ವೃತ್ತಿ ಶಿಕ್ಷಣ, ಕಂಪ್ಯೂಟರ್ ವ್ಯವಸ್ಥೆ, ಹೀಗೆ. ರೀಸಾ ಹೆಸರಲ್ಲಿ ಸರ್ವೀಸ್ ಅಂತ ಇರುವುದು ಸುಮ್ನೆ ಅಲ್ಲ. ನಿಮ್ಮ ಶಾಲೆಯ ಪ್ರಿನ್ಸಿಪಾಲರನ್ನು ವರ್ಗ ಮಾಡುವ ಅಧಿಕಾರ ಇವರಿಗಿಲ್ಲ.

ಇಲ್ಲಿನ ಡೈರೆಕ್ಟರುಗಳು ಕೆಪಿಎಸ್‌ಸಿ ತರಹದ ಒಂದು ಪರೀಕ್ಷೆ ಬರೆದು ಬಂದವರಲ್ಲ. ಐಎಸ್‌ಡಿಯ ಮಂಡಳಿಯವರು ಸೂಪರಿಂಟೆಂಡೆಂಟ್ ಅನ್ನು, ಅಂದರೆ ಕಚೇರಿಯ ಮುಖ್ಯಸ್ಥರನ್ನು, ನೇಮಿಸುತ್ತಾರೆ. ಅವರ ಕೈಕೆಳಗೆ ಒಂದೊಂದು ವಿಭಾಗಕ್ಕೆ ಒಬ್ಬೊಬ್ಬ ಡೈರೆಕ್ಟರ್. ಒಬ್ಬೊಬ್ಬರು ಒಂದೊಂದು ಕಸುಬಿನಿಂದ ಬಂದಿರುತ್ತಾರೆ. ಯಾರು ಯಾವ ಕಸುಬಿನವರು ಅಂತ ತಿಳಿದುಕೊಂಡರೆ ನಿಮ್ಮ ಅರ್ಧ ಕೆಲಸ ಆದ ಹಾಗೆ.

ಸ್ಪೆಷಲ್ ಎಜುಕೇಶನ್ ಡೈರೆಕ್ಟರ್

ಇದನ್ನು ಸ್ವಲ್ಪ ಉದ್ದ ಬರೆಯುತ್ತೇನೆ. ಕಾರಣ ಇದೆ.

ನನ್ನ ಮಗ ಮೂರೂವರೆ ವರ್ಷಕ್ಕೂ ಸರಿಯಾಗಿ ಮಾತಾಡುತ್ತಿರಲಿಲ್ಲ. ಆಗ ನಾವು ಬೇರೆ ಕೌಂಟಿಯಲ್ಲಿದ್ದೆವು. "ಮನೆಯಲ್ಲಿ ಕನ್ನಡ ನಿಲ್ಲಿಸಿ, ಇಂಗ್ಲಿಷ್ ಮಾತ್ರ ಆಡಿ" ಅಂತ ಒಬ್ಬರು ಹೇಳಿದರು. ನಾವು ನಿಲ್ಲಿಸಿದೆವು. ಎಂಟು ತಿಂಗಳು. ಹಾಸನದಿಂದ ನಮ್ಮಮ್ಮ ವಿಡಿಯೋ ಕಾಲ್ ಮಾಡಿ "ಪುಟ್ಟಾ, ಊಟ ಆಯ್ತಾ?" ಅಂದರೆ ಅವನು ಅವರ ಮುಖ ನೋಡುತ್ತಾ ಕೂತಿರುತ್ತಿದ್ದ. ಅದು ಇವತ್ತಿಗೂ ನನಗೆ ನೋವು.

ಆಮೇಲೆ ನಾನು ಸೂಪರಿಂಟೆಂಡೆಂಟರಿಗೇ ಪತ್ರ ಬರೆದೆ. ನಾಲ್ಕು ಪುಟ. ನನ್ನ ಓದು, ಹೆಂಡತಿಯ ಓದು, ಯಾವ ಕಂಪನಿಯಲ್ಲಿ ಕೆಲಸ, ಎಲ್ಲಾ. ಎರಡು ತಿಂಗಳು ಉತ್ತರ ಬರಲಿಲ್ಲ. ಕನ್ನಡ ಕೂಟದ ಹಿರಿಯಕ್ಕ ಒಬ್ಬರು ಅದನ್ನು ಓದಿ, "ಇದರಲ್ಲಿ ಮಗು ಎಲ್ಲಪ್ಪಾ ಇದೆ?" ಅಂದರು. ಸ್ಪೆಷಲ್ ಎಜುಕೇಶನ್ ಡೈರೆಕ್ಟರ್ ಹಿಂದೆ ಸ್ಪೀಚ್ ಥೆರಪಿಸ್ಟ್ ಆಗಿದ್ದವರು, ಅವರಿಗೆ ಮಗುವಿನ ವಿಷಯ ಬರಿ ಅಂತ ಹೇಳಿಕೊಟ್ಟರು. ಅರ್ಧ ಪುಟ ಬರೆದೆ. ಮೂರನೇ ದಿನ ಫೋನ್ ಬಂತು. ಆಕೆ ಕೇಳಿದ ಮೊದಲ ಪ್ರಶ್ನೆ: "ಮನೆ ಭಾಷೆಯಲ್ಲಿ ಮಗು ಎಷ್ಟು ಪದ ಹೇಳುತ್ತದೆ?" ಆ ಪ್ರಶ್ನೆಯನ್ನು ಅಲ್ಲಿಯವರೆಗೆ ಯಾರೂ ಕೇಳಿರಲಿಲ್ಲ. ಕನ್ನಡ ನಿಲ್ಲಿಸಬಾರದಿತ್ತು ಅಂತಲೂ ಅವರೇ ಹೇಳಿದರು.

ಈ ಹುದ್ದೆಗೆ ಮಿಷಿಗನ್‌ನಲ್ಲಿ ರಾಜ್ಯದ ಅನುಮೋದನೆ ಬೇಕು. ಸ್ನಾತಕೋತ್ತರ ಪದವಿ ಇರಬೇಕು. ಸ್ಪೆಷಲ್ ಎಜುಕೇಶನ್‌ನಲ್ಲೇ ಕನಿಷ್ಠ 3 ವರ್ಷ ದುಡಿದಿರಬೇಕು. ಹಾಗಾಗಿ ಅವರು ಹಿಂದೆ ವಿಶೇಷ ಶಿಕ್ಷಕರೋ, ಶಾಲಾ ಮನೋವಿಜ್ಞಾನಿಯೋ, ಸ್ಪೀಚ್ ಥೆರಪಿಸ್ಟೋ, ಸೋಷಿಯಲ್ ವರ್ಕರೋ ಆಗಿರುತ್ತಾರೆ. ನೆಲದ ಮೇಲೆ ಮಕ್ಕಳ ಜೊತೆ ಕೂತು ಕೆಲಸ ಮಾಡಿದವರು. ಅವರ ಮುಂದೆ ನಾಚಿಕೆ ಬೇಡ. "ನಮ್ಮ ಮಗು ಸರಿಯಾಗೇ ಇದೆ, ಸ್ವಲ್ಪ ತುಂಟ" ಅಂತ ಮುಚ್ಚಿಡಬೇಡಿ. ದಯವಿಟ್ಟು.

ನೆನಪಿಡಿ:
ಮಗುವಿಗೆ 3 ತುಂಬಿಲ್ಲದಿದ್ದರೆ ಅರ್ಲಿ ಆನ್ ಅಂತ ಕೇಳಿ, ಅದು ಪುಟ್ಟ ಮಕ್ಕಳಿಗೆ ನೆರವು ಕೊಡುವ ಕಾರ್ಯಕ್ರಮ.
ಮಗುವಿಗೆ ವಿಶೇಷ ಶಿಕ್ಷಣ ಬೇಕಾ ಅಂತ ನೋಡುವ ಪರೀಕ್ಷೆ ಬೇಕು ಅಂತ ಬರವಣಿಗೆಯಲ್ಲೇ ಕೊಡಿ. 10 ಶಾಲಾ ದಿನದೊಳಗೆ ಉತ್ತರ ಬರಬೇಕು.
ನೀವು ಒಪ್ಪಿಗೆ ಸಹಿ ಮಾಡಿದ ಮೇಲೆ 30 ಶಾಲಾ ದಿನದೊಳಗೆ ಪರೀಕ್ಷೆ ಮುಗಿಯಬೇಕು.
ಐಇಪಿ (ಮಗುವಿಗಾಗಿಯೇ ಬರೆಯುವ ಶಿಕ್ಷಣ ಯೋಜನೆ) ಸಭೆಗೆ ಕನ್ನಡ ದುಭಾಷಿ ಬೇಕಿದ್ದರೆ ಕೇಳಿ. ಅದಕ್ಕೆ ನೀವು ದುಡ್ಡು ಕೊಡಬೇಕಿಲ್ಲ. ಅದು ನಿಮ್ಮ ಹಕ್ಕು.
ಇಲ್ಲಿ ವಿಶೇಷ ಶಿಕ್ಷಣ 26ರ ಹತ್ತಿರದವರೆಗೂ ಸಿಗುತ್ತದೆ. ಬೇರೆ ರಾಜ್ಯಗಳಲ್ಲಿ ಸಾಮಾನ್ಯವಾಗಿ 21, 22ಕ್ಕೇ ಮುಗಿಯುತ್ತದೆ.

ಹೆಸರಿನ ಮುಂದಿನ ಅಕ್ಷರಗಳು

ಸಿಸಿಸಿ-ಎಸ್‌ಎಲ್‌ಪಿ: ಸ್ಪೀಚ್ ಥೆರಪಿ.
ಎನ್‌ಸಿಎಸ್‌ಪಿ: ಶಾಲಾ ಮನೋವಿಜ್ಞಾನ.
ಎಲ್‌ಎಂಎಸ್‌ಡಬ್ಲ್ಯು: ಸೋಷಿಯಲ್ ವರ್ಕ್.
ಬಿಸಿಬಿಎ: ವರ್ತನೆಯ ಚಿಕಿತ್ಸೆ, ಆಟಿಸಂ ಮಕ್ಕಳ ಜೊತೆ ಜಾಸ್ತಿ.
ಎಡ್.ಎಸ್.: ಮಾಸ್ಟರ್ಸ್‌ಗಿಂತ ಮೇಲೆ, ಡಾಕ್ಟರೇಟ್‌ಗಿಂತ ಕೆಳಗೆ.
ಎಡ್.ಡಿ.: ಶಿಕ್ಷಣದಲ್ಲಿ ಡಾಕ್ಟರೇಟ್. "ಡಾಕ್ಟರ್" ಅಂತಲೇ ಕರೆಯಿರಿ. ಆದರೆ ಔಷಧಿಯ ವಿಷಯ ಮಕ್ಕಳ ವೈದ್ಯರ ಹತ್ತಿರವೇ ಕೇಳಿ.
ಸಿಪಿಎ: ಲೆಕ್ಕ ವಿಭಾಗ. ನಮ್ಮ ಸಿಎ ಇದ್ದ ಹಾಗೆ.

ವೃತ್ತಿ ಶಿಕ್ಷಣದ ಡೈರೆಕ್ಟರ್

ಇಲ್ಲಿ ಸ್ವಲ್ಪ ಬೈಯಬೇಕು. ವೃತ್ತಿ ಶಿಕ್ಷಣ ಅಂದ ಕೂಡಲೇ ನಮ್ಮವರು "ಐಟಿಐ ತಾನೇ, ನಮ್ಮ ಮಕ್ಕಳಿಗೆ ಬೇಡ" ಅಂತ ಪುಟ ತಿರುಗಿಸುತ್ತಾರೆ. ಓಕ್ಲ್ಯಾಂಡ್ ಸ್ಕೂಲ್ಸ್‌ಗೆ ಇದಕ್ಕಾಗಿ ನಾಲ್ಕು ಕ್ಯಾಂಪಸ್ ಇವೆ. ಆರೋಗ್ಯ ವಿಜ್ಞಾನ, ಎಂಜಿನಿಯರಿಂಗ್, ಅಡುಗೆ, ಎಲ್ಲವೂ ಅಲ್ಲಿ ಕಲಿಯಬಹುದು. ಪಾಠ ಹೇಳುವವರಲ್ಲಿ ಅನೇಕರು ಆಸ್ಪತ್ರೆಯಿಂದಲೋ ಕಾರ್ಖಾನೆಯಿಂದಲೋ ಬಂದವರು. ಉದ್ಯಮದಿಂದ ಬಂದವರಿಗೆ ರಾಜ್ಯ ಕೇಳುವುದು 4,000 ಗಂಟೆಯ ಕೆಲಸದ ಅನುಭವ. ಈ ವಿಭಾಗ ನಡೆಸುವವರಲ್ಲೂ ಹಾಗೆ ಕೈಕೆಲಸ ಬಲ್ಲವರು ಸಿಗುತ್ತಾರೆ. ಡೆಟ್ರಾಯಿಟ್ ಕಾರುಗಳಿಂದ ಊಟ ಮಾಡುತ್ತಿರುವ ನಾವು ಕೈಕೆಲಸವನ್ನು ಕೀಳಾಗಿ ನೋಡಬಹುದಾ? ಅವರನ್ನು ಭೇಟಿ ಮಾಡುವಾಗ ಕಾಲೇಜು ರ‍್ಯಾಂಕಿಂಗ್ ಕೇಳಬೇಡಿ. ಮಗುವಿಗೆ ಏನು ಮಾಡಲು ಇಷ್ಟ ಅಂತ ಹೇಳಿ.

ಉಳಿದವರು

ಚಿಕ್ಕ ಮಕ್ಕಳ ವಿಭಾಗ: ಹೆಚ್ಚಾಗಿ ಪ್ರೀಸ್ಕೂಲ್ ಶಿಕ್ಷಕರಾಗಿದ್ದವರು. 4 ವರ್ಷದ ಮಕ್ಕಳ ಉಚಿತ ಶಾಲೆ, ಅಂದರೆ ಜಿಎಸ್‌ಆರ್‌ಪಿ, ಇವರ ಕೈಯಲ್ಲಿ.
ಬೋಧನಾ ವಿಭಾಗ: ಟೀಚರ್, ಆಮೇಲೆ ಪ್ರಿನ್ಸಿಪಾಲ್ ಆಗಿ ಬಂದವರು.
ತಂತ್ರಜ್ಞಾನ: ನೆಟ್‌ವರ್ಕ್ ಹಿನ್ನೆಲೆ. ನಮ್ಮವರಿಗೆ ಇವರ ಜೊತೆ ಮಾತು ಸುಲಭ, ಆದರೆ ಮಗುವಿನ ವಿಷಯ ಇವರದ್ದಲ್ಲ.

ಇಂಗ್ಲಿಷ್ ಕಲಿಯುವ ಮಕ್ಕಳ ಸಲಹೆಗಾರರ ಬಗ್ಗೆ ಒಂದು ಮಾತು. ಶಾಲೆಗೆ ಸೇರಿಸುವಾಗ ಮನೆಯ ಭಾಷೆ ಯಾವುದು ಅಂತ ಒಂದು ಫಾರ್ಮ್ ಕೊಡುತ್ತಾರೆ. "ಇಂಗ್ಲಿಷ್ ಅಂತ ಬರೆದುಬಿಡಿ, ಇಲ್ಲದಿದ್ದರೆ ಹಿಂದಿನ ಬೆಂಚು" ಅಂತ ನಮ್ಮವರೇ ಹೇಳಿಕೊಡುತ್ತಾರೆ. ಇದು ತಪ್ಪು. ಕನ್ನಡ ಅಂತಲೇ ಬರೆಯಿರಿ. ಮಗುವಿಗೆ ಇಂಗ್ಲಿಷ್ ಎಷ್ಟು ಬರುತ್ತದೆ ಅಂತ ಪರೀಕ್ಷೆ ಮಾಡುತ್ತಾರೆ, ಬೇಕಿದ್ದರೆ ಸಹಾಯ ಕೊಡುತ್ತಾರೆ, ಅಷ್ಟೇ.

ಯಾರಿಗೆ ಮೊದಲು ಬರೆಯಬೇಕು

ಟೀಚರ್. ಆಮೇಲೆ ಪ್ರಿನ್ಸಿಪಾಲ್. ಆಮೇಲೆ ನಿಮ್ಮ ಡಿಸ್ಟ್ರಿಕ್ಟ್‌ನ ಸ್ಪೆಷಲ್ ಎಜುಕೇಶನ್ ಡೈರೆಕ್ಟರ್. ಅದಾದ ಮೇಲೆ ರೀಸಾ. ನೇರ ಮೇಲಕ್ಕೆ ಹೋದರೆ ಪತ್ರ ಮತ್ತೆ ಕೆಳಗೇ ಬರುತ್ತದೆ.

ಪತ್ರ ಅರ್ಧ ಪುಟ ಸಾಕು. ಮಗುವಿನ ವಯಸ್ಸು, ಮನೆಯ ಭಾಷೆ, ಮಗು ಏನು ಮಾಡುತ್ತದೆ, ಏನು ಮಾಡುವುದಿಲ್ಲ, ನಿಮಗೆ ಏನು ಬೇಕು. ಕೆಳಗೆ ತಾರೀಕು ಹಾಕಿ, ಒಂದು ಪ್ರತಿ ಇಟ್ಟುಕೊಳ್ಳಿ. ಬರೆಯಲು ಕಷ್ಟ ಆದರೆ ನಮ್ಮ ಕನ್ನಡ ಕಲಿಕೆ ತರಗತಿಯ ದಿನ ಬನ್ನಿ. ಮಕ್ಕಳು ಒಳಗೆ ಕಾಗುಣಿತ ಬರೆಯುವಾಗ ನಾವು ಹೊರಗೆ ಕೂತು ಪತ್ರ ಬರೆಯೋಣ.