ಡೆಂಗ್ಯೂ ಅಂತ ಬಂದ ಹುಡುಗ

ಮಳೆಗಾಲದಲ್ಲಿ ಪ್ಲೇಟ್‌ಲೆಟ್ ಕಡಿಮೆ ಅಂದ್ರೆ ಸಾಕು, ನಮ್ಮ ಕಡೆ ಎಲ್ಲರ ಬಾಯಲ್ಲೂ ಡೆಂಗ್ಯೂ. ಏಳು ವರ್ಷದ ಆ ಹುಡುಗನನ್ನೂ ಹಾಗೇ ಕರೆತಂದಿದ್ದರು. ಪ್ಲೇಟ್‌ಲೆಟ್ 32 ಸಾವಿರ. ಕಣ್ಣು ಸ್ವಲ್ಪ ಹಳದಿ. ಊರಲ್ಲಿ ಕಾಮಾಲೆ ಔಷಧಿಯೂ ಆಗಿತ್ತು.

ನನಗೆ ಅನುಮಾನ ಬಂದದ್ದು ಹಿಮೋಗ್ಲೋಬಿನ್ ನೋಡಿ. ಬರೀ 6 ಗ್ರಾಂ. ಡೆಂಗ್ಯೂ ಜೋರಾದರೆ ರಕ್ತನಾಳದಿಂದ ನೀರಿನಂಶ ಸೋರಿ ರಕ್ತ ಗಟ್ಟಿಯಾಗುತ್ತದೆ. ರಕ್ತಸ್ರಾವ ಇಲ್ಲದೆ ಹಿಮೋಗ್ಲೋಬಿನ್ ಹೀಗೆ ಕುಸಿಯುವುದಿಲ್ಲ. ಉಚ್ಚೆ ಯಾವ ಬಣ್ಣ ಅಂತ ತಾಯಿಯನ್ನು ಕೇಳಿದೆ. "ಕಪ್ಪು ಟೀ ತರ ಡಾಕ್ಟ್ರೇ. ನಿನ್ನೆಯಿಂದ ಒಂದೇ ಸಲ ಹೋಗಿದ್ದಾನೆ." ಮಕ್ಕಳ ಪಟ್ಟಿ ಕಟ್ಟಿ ಬಿಪಿ ನೋಡಿದೆ. 150/100, ಈ ವಯಸ್ಸಿಗೆ ತೀರಾ ಜಾಸ್ತಿ.

ಹಿಂದೊಮ್ಮೆ ಇಂಥದೇ ಒಂದು ಮಗುವಿಗೆ ನಾನು ಮಾಮೂಲಿ ನೆಫ್ರೈಟಿಸ್, ಅಂದ್ರೆ ಕಿಡ್ನಿ ಉರಿಯೂತ, ಅಂದುಕೊಂಡು ಮೂರು ದಿನ ಕಳೆದಿದ್ದೆ. ಆ ಮೂರು ದಿನ ಇವತ್ತಿಗೂ ನನ್ನನ್ನು ಕಾಡುತ್ತವೆ. ಅಂದಿನಿಂದ ರಕ್ತದ ಸ್ಲೈಡ್ ನಾನೇ ನೋಡುತ್ತೇನೆ.

ಅವತ್ತೂ ಲ್ಯಾಬಿಗೆ ಹೋಗಿ ಮೈಕ್ರೋಸ್ಕೋಪಿಗೆ ಕಣ್ಣಿಟ್ಟೆ. ದುಂಡಗಿರಬೇಕಾದ ಕೆಂಪು ಕಣಗಳು ಒಡೆದ ಬಳೆಚೂರಿನ ಹಾಗೆ ಚೆಲ್ಲಿದ್ದವು. ಕೆಲವು ಥೇಟ್ ಹೆಲ್ಮೆಟ್ ಆಕಾರ. ಹಿಮೋಲಿಟಿಕ್ ಯುರೇಮಿಕ್ ಸಿಂಡ್ರೋಮ್. ಕಿಡ್ನಿಯ ಸಣ್ಣ ರಕ್ತನಾಳಗಳ ಒಳಪದರ ಕೆಟ್ಟು, ಅಲ್ಲಿ ಪ್ಲೇಟ್‌ಲೆಟ್ ಗಂಟು ಕಟ್ಟುತ್ತವೆ. ಆ ಇಕ್ಕಟ್ಟಿನಲ್ಲಿ ನುಸುಳುವ ಕೆಂಪು ಕಣಗಳು ಸಿಗಿದು ಹೋಗುತ್ತವೆ. ರಕ್ತ ಇಳಿದದ್ದು, ಪ್ಲೇಟ್‌ಲೆಟ್ ಇಳಿದದ್ದು, ಉಚ್ಚೆ ನಿಂತದ್ದು, ಮೂರಕ್ಕೂ ಬೇರು ಒಂದೇ.

ಪ್ಲೇಟ್‌ಲೆಟ್ ಕೊಡಲು ಮಾವ ಆಗಲೇ ಇಬ್ಬರನ್ನು ಕರೆತಂದಿದ್ದರು. ಬೇಡ ಅಂದೆ. ರಕ್ತಸ್ರಾವ ಇಲ್ಲದಾಗ ಈ ಕಾಯಿಲೆಯಲ್ಲಿ ಸುಮ್ನೆ ಪ್ಲೇಟ್‌ಲೆಟ್ ಹಾಕಿದರೆ ಗಂಟು ಜಾಸ್ತಿಯಾಗುವ ಭಯ. ಅವರಿಗೆ ಸಮಾಧಾನ ಆಗಲಿಲ್ಲ. ಅರ್ಧ ಗಂಟೆ ಕೂತು, ಚಿತ್ರ ಬರೆದು ತೋರಿಸಿದೆ.

ರಾತ್ರಿಯೇ ಬೆಂಗಳೂರಿಗೆ ಕಳಿಸಿದೆ, ಮಕ್ಕಳ ಕಿಡ್ನಿ ತಜ್ಞರಿಗೆ ಮೊದಲೇ ಫೋನ್ ಮಾಡಿ. ಈ ಕಾಯಿಲೆಯ ಮಾಮೂಲಿ ಬಗೆ ರಕ್ತಭೇದಿಯ ಬೆನ್ನಿಗೆ, ಹೆಚ್ಚಾಗಿ ಇನ್ನೂ ಚಿಕ್ಕ ಮಕ್ಕಳಿಗೆ ಬರುತ್ತದೆ. ಇವನಿಗೆ ರಕ್ತಭೇದಿ ಇರಲಿಲ್ಲ, ವಯಸ್ಸು ಏಳು. ನಮ್ಮ ದೇಶದಲ್ಲಿ ಇಂಥ ಮಕ್ಕಳಲ್ಲಿ, ರಕ್ತನಾಳದ ಒಳಪದರ ಕಾಯುವ ಫ್ಯಾಕ್ಟರ್ ಎಚ್ ಅನ್ನುವ ಪ್ರೋಟೀನಿನ ವಿರುದ್ಧ ದೇಹವೇ ಆಂಟಿಬಾಡಿ ಮಾಡಿಕೊಂಡಿರುವುದು ಜಾಸ್ತಿ. ಪ್ಲಾಸ್ಮಾ, ಅಂದ್ರೆ ರಕ್ತದ ನೀರಿನ ಭಾಗ, ಕೊಡುವ ಮೊದಲೇ ಆ ಆಂಟಿಬಾಡಿ ಪರೀಕ್ಷೆಗೆ ರಕ್ತ ತೆಗೆದಿಡಬೇಕು. ಇವನದೂ ಅದೇ ಆಗಿತ್ತು. ಆಂಟಿಬಾಡಿ ಹೊರಹಾಕಲು ದಿನಾ ಪ್ಲಾಸ್ಮಾ ಬದಲಾಯಿಸಿದರು, ಅದು ಮತ್ತೆ ಹುಟ್ಟದಂತೆ ಜೊತೆಗೆ ಸ್ಟಿರಾಯ್ಡ್, ಸೈಕ್ಲೋಫಾಸ್ಫಮೈಡ್ ಔಷಧಿ. ಮೂರನೇ ವಾರ ಕ್ರಿಯಾಟಿನಿನ್, ಅಂದ್ರೆ ಕಿಡ್ನಿ ಸೋಸಿ ಹೊರಹಾಕಬೇಕಾದ ಕಲ್ಮಶ, ರಕ್ತದಲ್ಲಿ ಇಳಿಯಿತು.

ಈಗ ಬಿಪಿ, ಉಚ್ಚೆಯ ಪ್ರೋಟೀನ್ ನಾನೇ ನೋಡುತ್ತಿದ್ದೇನೆ. ಕಾಯಿಲೆ ಮರುಕಳಿಸಬಹುದು, ನೆಗಡಿ ಜ್ವರ ಬಂದಾಗ ಎಚ್ಚರ ಅಂತ ತಾಯಿಗೆ ಹೇಳಿದ್ದೆ. ಕಳೆದ ತಿಂಗಳು ಅವನಿಗೆ ಶೀತ ಆಯ್ತು. ಬೆಳಿಗ್ಗೆ ಆರಕ್ಕೇ ಮೊಬೈಲಿಗೆ ಫೋಟೋ ಬಂತು. ಗಾಜಿನ ಲೋಟದಲ್ಲಿ ತಿಳಿ ಹಳದಿ ಉಚ್ಚೆ.