ಹರಿಕೇನ್ ಹೋದ ಮೇಲೆ: ಹ್ಯೂಸ್ಟನ್‌ಗೆ ಹೊಸದಾಗಿ ಬಂದವರಿಗೆ

ಜೂನ್ 1ರಿಂದ ನವೆಂಬರ್ 30ರವರೆಗೆ ಅಮೆರಿಕದ ಟೆಕ್ಸಾಸ್‌ನ ಈ ಊರಲ್ಲಿ ಹರಿಕೇನ್, ಅಂದರೆ ಚಂಡಮಾರುತದ ಕಾಲ. ನೀರು, ಬ್ಯಾಟರಿ, ಅವಲಕ್ಕಿ ತಂದಿಡಿ ಅಂತ ಎಲ್ಲರೂ ಹೇಳುತ್ತಾರೆ. ಆದರೆ ಪರದಾಟ ಜಾಸ್ತಿಯಾಗುವುದು ಗಾಳಿ ಮಳೆ ನಿಂತ ಮೇಲೆ.

2024ರ ಜುಲೈ 8ರಂದು ಬೆರಿಲ್ ಅನ್ನುವ ಹರಿಕೇನ್ ಬಂದಾಗ ಈ ಭಾಗದಲ್ಲಿ 20 ಲಕ್ಷಕ್ಕೂ ಹೆಚ್ಚು ಗ್ರಾಹಕರಿಗೆ ಕರೆಂಟ್ ಹೋಯಿತು. ಎಷ್ಟೋ ಮನೆಗಳಿಗೆ ವಾರವಾದರೂ ಬರಲಿಲ್ಲ. ಊರಿಂದ ಬಂದಿರುವ ಅಪ್ಪ ಅಮ್ಮ "ನಮಗೇನಪ್ಪಾ, ಫ್ಯಾನ್ ಇಲ್ಲದೇ ಬೆಳೆದವರು" ಅನ್ನುತ್ತಾರೆ. ಆ ಮಾತು ಕೇಳಬೇಡಿ. ಇಲ್ಲಿನ ಮನೆಗಳು ಗಾಳಿಯಾಡುವ ಹಾಗೆ ಕಟ್ಟಿದವಲ್ಲ, ಎಸಿ ನಿಂತರೆ ಒಳಗೆ ಬೆಂದುಹೋಗುತ್ತೇವೆ. ಕರೆಂಟ್ ಇರುವ ಯಾರ ಮನೆಗಾದರೂ ಹಿರಿಯರನ್ನೂ ಮಕ್ಕಳನ್ನೂ ಮೊದಲು ಕಳಿಸಿ. ಇನ್ಸುಲಿನ್ ಇದ್ದರೆ ಅದನ್ನೂ ಕೊಟ್ಟು ಕಳಿಸಿ. ಸಂಕೋಚ ಬೇಡ, ನಮ್ಮಲ್ಲಿ ಎಲ್ಲರೂ ಒಂದಲ್ಲ ಒಂದು ಸಲ ಹಾಗೆ ಹೋಗಿ ಇದ್ದವರೇ.

ಜನರೇಟರನ್ನು ಗ್ಯಾರೇಜ್ ಬಾಗಿಲು ತೆಗೆದಿಟ್ಟು ಕೂಡ ಒಳಗೆ ಓಡಿಸಬೇಡಿ. ಮನೆಯಿಂದ 20 ಅಡಿ ದೂರ ಇರಲಿ. ಅದರ ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್ ಅನ್ನುವ ವಿಷಾನಿಲಕ್ಕೆ ವಾಸನೆ ಇಲ್ಲ, ನಿದ್ದೆಯಲ್ಲೇ ಜೀವ ಹೋಗುತ್ತದೆ. ಫ್ರಿಜ್ ಬಾಗಿಲು ತೆಗೆಯದಿದ್ದರೂ ತಣ್ಣಗಿರುವುದು 4 ಗಂಟೆ ಅಷ್ಟೇ. ಆಮೇಲೆ ಹಾಲು, ಮಾಡಿಟ್ಟ ಸಾರು ಪಲ್ಯ ಎಲ್ಲ ಎಸೆಯಿರಿ.

ಮನೆಯೊಳಗೆ ನೀರು ನುಗ್ಗಿದ್ದರೆ ಒಂದು ಸಾಮಾನನ್ನೂ ಹೊರಗೆ ಹಾಕುವ ಮೊದಲು ಫೋಟೋ ತೆಗೆಯಿರಿ. ಗೋಡೆಯ ಮೇಲೆ ನೀರು ನಿಂತ ಗೆರೆ ಕಾಣಬೇಕು. ಫ್ರಿಜ್, ವಾಷಿಂಗ್ ಮಷೀನ್ ಹಿಂದಿನ ಸೀರಿಯಲ್ ನಂಬರ್ ಕೂಡ ಬೇಕು. ಬೂಷ್ಟು ಹಿಡಿಯಲು ಎರಡು ದಿನ ಸಾಕು, ಆದ್ದರಿಂದ ಇನ್ಶೂರೆನ್ಸ್‌ನವರು ಬಂದು ನೋಡಲಿ ಅಂತ ಸುಮ್ನೆ ಕೂರಬೇಡಿ. ಫೋಟೋ ಆದ ಮೇಲೆ ಒದ್ದೆ ಕಾರ್ಪೆಟ್ ಕಿತ್ತುಹಾಕಿ, ಒಂದು ತುಂಡು ಕತ್ತರಿಸಿ ಚೀಲದಲ್ಲಿ ಇಟ್ಟುಕೊಳ್ಳಿ. ಬಾಗಿಲಿಗೆ ಬಂದು ಪೂರ್ತಿ ದುಡ್ಡು ಮುಂಚೆ ಕೇಳುವ ರಿಪೇರಿಯವರನ್ನು ವಾಪಸ್ ಕಳಿಸಿ.

ಇನ್ನು ನಮ್ಮವರಲ್ಲಿ ತುಂಬ ಜನರಿಗೆ ಗೊತ್ತಿಲ್ಲದ ವಿಷಯ. ಅಮೆರಿಕದ ಕೇಂದ್ರ ಸರ್ಕಾರದ ವಿಪತ್ತು ನೆರವು ಸಂಸ್ಥೆ ಫೀಮಾ ಕೊಡುವ ನಗದು ನೆರವು ಸಿಟಿಜನ್‌ಗಳಿಗೆ, ಗ್ರೀನ್ ಕಾರ್ಡ್‌ನವರಿಗೆ ಸಿಗುತ್ತದೆ. ಕೆಲಸಕ್ಕೆಂದು ಬಂದ ಎಚ್-1ಬಿ ವೀಸಾದವರಿಗೆ ಸಿಗುವುದಿಲ್ಲ. ಆದರೆ ಇಲ್ಲೇ ಹುಟ್ಟಿದ ಮಗು ನಿಮ್ಮ ಜೊತೆಗಿದ್ದರೆ, ಆ ಮಗುವಿನ ಸೋಶಿಯಲ್ ಸೆಕ್ಯುರಿಟಿ ನಂಬರ್ ಕೊಟ್ಟು ಮಗುವಿನ ಪರವಾಗಿ ಅರ್ಜಿ ಹಾಕಬಹುದು. "ವೀಸಾಗೆ ತೊಂದರೆ ಆಗುತ್ತೇನೋ" ಅಂತ ಎಷ್ಟೋ ಮನೆಯವರು ವಿಚಾರಿಸುವುದೇ ಇಲ್ಲ. ನೋಡಿದರೆ ಹೊಟ್ಟೆ ಉರಿಯುತ್ತದೆ. ಸಾಮಾನ್ಯವಾಗಿ 60 ದಿನಗಳ ಗಡುವು ಇರುತ್ತದೆ. ಮೊದಲ ಸಲ ನೆರವು ಕೊಡುವುದಿಲ್ಲ ಅಂತ ಪತ್ರ ಬಂದರೆ ಪೂರ್ತಿ ಓದಿ, ಎಷ್ಟೋ ಸಲ ಒಂದು ಕಾಗದ ಕಡಿಮೆ ಇರುತ್ತದೆ ಅಷ್ಟೇ, ಮೇಲ್ಮನವಿ ಹಾಕಬಹುದು. ಪಾಸ್‌ಪೋರ್ಟ್, ಐ-797 (ವೀಸಾ ಅರ್ಜಿ ಮಂಜೂರಾದ ಪತ್ರ), ಬಾಡಿಗೆ ಕರಾರು ನೀರು ಹೋಗದ ಚೀಲದಲ್ಲಿ ಇರಲಿ. ಊಟ, ಉಳಿಯುವ ಜಾಗ ಬೇಕಿದ್ದರೆ 211 ಸಹಾಯವಾಣಿಗೆ ಫೋನ್ ಮಾಡಿ. ಅಲ್ಲಿ ವೀಸಾ ಕೇಳುವುದಿಲ್ಲ.

ಮನೆಯ ಮಾಮೂಲಿ ಇನ್ಶೂರೆನ್ಸ್ ಪ್ರವಾಹಕ್ಕೆ ಬರುವುದಿಲ್ಲ. ಬಾಡಿಗೆದಾರರ ಪಾಲಿಸಿಯೂ ಅಷ್ಟೇ. "ನಮ್ಮದು ಪ್ರವಾಹ ವಲಯ ಅಲ್ವಲ್ಲ" ಅನ್ನಬೇಡಿ. 2017ರಲ್ಲಿ ಹಾರ್ವಿ ಹರಿಕೇನ್ ಬಂದಾಗ ಹ್ಯೂಸ್ಟನ್ ಇರುವ ಹ್ಯಾರಿಸ್ ಕೌಂಟಿಯಲ್ಲಿ (ಜಿಲ್ಲೆಯಲ್ಲಿ) ನೀರು ನುಗ್ಗಿದ ಮನೆಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಆ ವಲಯದ ಹೊರಗೇ ಇದ್ದವು. ಪ್ರವಾಹದ ಸರ್ಕಾರಿ ಪಾಲಿಸಿ ಸಾಮಾನ್ಯವಾಗಿ 30 ದಿನ ಆದ ಮೇಲೆ ಜಾರಿಗೆ ಬರುತ್ತದೆ, ಹಾಗಾಗಿ ಮೇ ತಿಂಗಳು ಶುರುವಾಗುವುದಕ್ಕೆ ಮುಂಚೆ ಏಜೆಂಟ್ ಹತ್ತಿರ ಮಾತಾಡಿ.