ಹಿಮ್ಮೇಳದ ರೆಕಾರ್ಡಿಂಗ್ ಮತ್ತು ಕಂಪ್ಯೂಟರಿನ ಕೋರ್‌ಗಳು: ನನ್ನ ಅನುಭವ

ಕುಂಬಳೆ, ಬದಿಯಡ್ಕ, ಮಂಜೇಶ್ವರದ ಕಡೆ ಮನೆಯ ಒಂದು ಕೋಣೆಯನ್ನೇ ಸ್ಟುಡಿಯೋ ಮಾಡಿಕೊಂಡವರು ಈಗ ಬಹಳ ಮಂದಿ ಇದ್ದಾರೆ. ಯಕ್ಷಗಾನದ ಪದ್ಯ, ಭಜನೆ, ತುಳು ಭಕ್ತಿಗೀತೆ, ಶಾಲಾ ಕಲೋತ್ಸವದ ಹಾಡುಗಳು ಎಲ್ಲವೂ ಅಲ್ಲೇ ಆಗುತ್ತವೆ. ಅವರಲ್ಲಿ ಹೆಚ್ಚಿನವರ ಪ್ರಶ್ನೆ ಒಂದೇ: ವಿಂಡೋಸ್‌ನ ಟಾಸ್ಕ್ ಮ್ಯಾನೇಜರ್ ಪ್ರೊಸೆಸರ್ ಬಳಕೆ ಶೇಕಡಾ 40 ಎಂದು ತೋರಿಸುತ್ತಿರುವಾಗ ಹೆಡ್‌ಫೋನಿನಲ್ಲಿ ಪಟಪಟ ಸದ್ದು ಯಾಕೆ ಬರುತ್ತದೆ? 8 ಕೋರ್ (ಪ್ರೊಸೆಸರಿನೊಳಗೆ ಲೆಕ್ಕ ಮಾಡುವ ಘಟಕ) ಇರುವ ಯಂತ್ರ ತಾನೆ?

ಉತ್ತರ ಕೋರ್‌ಗಳ ಲೆಕ್ಕದಲ್ಲಿಲ್ಲ, ಬಫರಿನ ಗಡುವಿನಲ್ಲಿದೆ. ಬಫರ್ ಎಂದರೆ ಸಾಫ್ಟ್‌ವೇರ್ ಒಂದು ಸಲಕ್ಕೆ ಲೆಕ್ಕ ಹಾಕುವ ಸದ್ದಿನ ತುಣುಕು. ಸೆಕೆಂಡಿಗೆ 48,000 ಸ್ಯಾಂಪಲ್ ರೇಟಿನಲ್ಲಿ ಬಫರ್ 128 ಸ್ಯಾಂಪಲ್ ಇಟ್ಟರೆ ಸಾಫ್ಟ್‌ವೇರಿಗೆ ಸಿಗುವ ಸಮಯ 2.67 ಮಿಲಿಸೆಕೆಂಡ್. ಅಷ್ಟರೊಳಗೆ ಎಲ್ಲ ಟ್ರ್ಯಾಕ್‌ಗಳ ಎಲ್ಲ ಪ್ಲಗಿನ್‌ಗಳ (ಸದ್ದನ್ನು ತಿದ್ದುವ ಸಣ್ಣ ಸಾಫ್ಟ್‌ವೇರ್‌ಗಳ) ಲೆಕ್ಕ ಮುಗಿದು ಸದ್ದು ಆಡಿಯೋ ಇಂಟರ್‌ಫೇಸಿಗೆ (ಮೈಕ್, ಹೆಡ್‌ಫೋನ್ ಜೋಡಿಸುವ ಪೆಟ್ಟಿಗೆಗೆ) ಹೋಗಬೇಕು. ಒಂದು ಸಲ ತಡವಾದರೂ ಅಲ್ಲಿ ಸದ್ದು ತುಂಡಾಗುತ್ತದೆ. ಬಫರ್ 256 ಆದರೆ 5.33 ಮಿಲಿಸೆಕೆಂಡ್, 1024 ಆದರೆ 21.33. ಟಾಸ್ಕ್ ಮ್ಯಾನೇಜರ್ ತೋರಿಸುವುದು ಎಲ್ಲ ಕೋರ್‌ಗಳನ್ನು ಸೇರಿಸಿ ತೆಗೆದ ಸರಾಸರಿ. 2.67 ಮಿಲಿಸೆಕೆಂಡಿನೊಳಗೆ ಏನಾಯಿತು ಎಂಬುದು ಅದರಲ್ಲಿ ಕಾಣುವುದೇ ಇಲ್ಲ. 8 ಕೋರ್‌ಗಳಲ್ಲಿ ಒಂದು ಪೂರ್ತಿ ತುಂಬಿ ಉಳಿದವು ಖಾಲಿ ಕುಳಿತರೆ ಅದು ಹೇಳುವುದು ಶೇಕಡಾ 12.5 ಮಾತ್ರ.

ಕೆಲಸ ಹಂಚುವ ಕ್ರಮ ಹೀಗೆ: ಬೇರೆ ಬೇರೆ ಟ್ರ್ಯಾಕ್‌ಗಳು ಬೇರೆ ಬೇರೆ ಕೋರ್‌ಗಳಿಗೆ ಹೋಗಬಹುದು. ಆದರೆ ಒಂದೇ ಟ್ರ್ಯಾಕಿನಲ್ಲಿ ಸಾಲಾಗಿ ಕುಳಿತ ಪ್ಲಗಿನ್‌ಗಳು ಒಂದರ ನಂತರ ಒಂದು ನಡೆಯಲೇಬೇಕು. ಸದ್ದಿನ ಬಾಸ್, ಟ್ರೆಬಲ್ ತಿದ್ದುವ ಈಕ್ಯೂವಿನಿಂದ ಹೊರಬಂದ ಸದ್ದೇ ಅದರ ಏರಿಳಿತ ತಗ್ಗಿಸುವ ಕಂಪ್ರೆಸರಿಗೆ ಬೇಕು, ಕಂಪ್ರೆಸರಿನದ್ದು ಪ್ರತಿಧ್ವನಿ ಸೇರಿಸುವ ರಿವರ್ಬಿಗೆ ಬೇಕು. ಅಂಗಳದಲ್ಲಿ ಹತ್ತು ಮಂದಿ ಕೂತರೆ ಹತ್ತು ರಾಶಿ ಅಡಿಕೆ ಸುಲಿಯಬಹುದು. ಆದರೆ ಚಾಲಿ ಮಾಡುವ ಅಡಿಕೆಯನ್ನು ಎಷ್ಟು ಮಂದಿ ಸೇರಿದರೂ ಒಣಗುವ ಮೊದಲು ಸುಲಿಯುವಂತಿಲ್ಲ. ಟ್ರ್ಯಾಕ್‌ಗಳೆಲ್ಲ ಮುಗಿದ ಮೇಲೆ ಬಸ್ (ಹಲವು ಟ್ರ್ಯಾಕ್ ಬಂದು ಸೇರುವ ದಾರಿ), ಬಸ್ ಮುಗಿದ ಮೇಲೆ ಮಾಸ್ಟರ್ (ಎಲ್ಲವೂ ಸೇರುವ ಕೊನೆಯ ದಾರಿ). ಮಾಸ್ಟರಿನ ಕೆಲಸ ನಡೆಯುವಾಗ ಆ ಬಫರಿನ ಮಟ್ಟಿಗೆ ಉಳಿದ ಕೋರ್‌ಗಳಿಗೆ ಮಾಡಲು ಏನೂ ಇರುವುದಿಲ್ಲ.

ಒಂದು ಲೆಕ್ಕ ಹಾಕಿ ನೋಡೋಣ. ಭಾಗವತರ ಟ್ರ್ಯಾಕಿಗೆ 0.9 ಮಿಲಿಸೆಕೆಂಡ್, ಅದು ಹೋಗಿ ಸೇರುವ ಹಿಮ್ಮೇಳದ ಬಸ್ಸಿಗೆ 0.6, ಮಾಸ್ಟರಿಗೆ 1.4 ಎಂದಿಟ್ಟುಕೊಳ್ಳಿ. ಈ ಸಾಲಿನ ಮೊತ್ತ 2.9. ಉಳಿದ 19 ಟ್ರ್ಯಾಕ್‌ಗಳಿಗೆ ತಲಾ 0.3ರಂತೆ 5.7. ಒಟ್ಟು ಕೆಲಸ 8.6 ಮಿಲಿಸೆಕೆಂಡ್. 8 ಕೋರ್‌ಗಳಲ್ಲಿ ಇರುವ ಜಾಗ 8 ಸಲ 2.67, ಅಂದರೆ 21.3. ಬಳಕೆ ಶೇಕಡಾ 40 ಮಾತ್ರ. ಆದರೂ ಸದ್ದು ಒಡೆಯುತ್ತದೆ, ಯಾಕೆಂದರೆ 2.9 ಎಂಬುದು 2.67ರೊಳಗೆ ಹಿಡಿಯುವುದಿಲ್ಲ. ಇದೇ ಪ್ರಾಜೆಕ್ಟಿಗೆ 16 ಕೋರ್‌ನ ಯಂತ್ರ ತಂದರೂ ಈ 2.9 ಕಡಿಮೆಯಾಗದು. ಪ್ರತಿ ಕೋರ್ ವೇಗವಾಗಿದ್ದರೆ ಮಾತ್ರ ಆದೀತು, ಇಲ್ಲವೇ ಆ ಸಾಲನ್ನು ನಾವೇ ಗಿಡ್ಡ ಮಾಡಬೇಕು.

ಹಾಗಾಗಿ ನಾನು ಮೊದಲು ನೋಡುವುದು ಅತಿ ಉದ್ದದ ಸಾಲು ಯಾವುದು ಎಂದು. ರೀಪರ್ ಎಂಬ ರೆಕಾರ್ಡಿಂಗ್ ಸಾಫ್ಟ್‌ವೇರಿನಲ್ಲಿ ಕಂಟ್ರೋಲ್, ಆಲ್ಟ್, ಪಿ ಒಟ್ಟಿಗೆ ಒತ್ತಿದರೆ ಪರ್ಫಾರ್ಮೆನ್ಸ್ ಮೀಟರ್ ತೆರೆಯುತ್ತದೆ. ಅದರಲ್ಲಿ ಒಟ್ಟು ಸಿಪಿಯು ಸಂಖ್ಯೆಯನ್ನು ಬಿಟ್ಟು ಆರ್‌ಟಿ ಸಿಪಿಯು (ಗಡುವಿನೊಳಗೆ ಮುಗಿಯಬೇಕಾದ ಕೆಲಸ) ಮತ್ತು ಲಾಂಗೆಸ್ಟ್ ಬ್ಲಾಕ್ (ಅತಿ ಹೆಚ್ಚು ಹೊತ್ತು ಹಿಡಿದ ಬಫರ್) ಎಂಬ ಎರಡು ಸಾಲುಗಳನ್ನು ನೋಡಿ. ಗಡುವಿಗೆ ಎಷ್ಟು ಹತ್ತಿರ ಇದ್ದೀರಿ ಎಂದು ಹೇಳುವುದು ಅವೇ. ಕೆಳಗೆ ಟ್ರ್ಯಾಕ್‌ವಾರು ಪಟ್ಟಿಯೂ ಉಂಟು; ಪ್ಲಗಿನ್‌ಗಳನ್ನು ಒಂದೊಂದಾಗಿ ಬೈಪಾಸ್ ಮಾಡುತ್ತಾ ಹೋದರೆ ಭಾರ ಎಲ್ಲಿದೆ ಎಂದು ಐದು ನಿಮಿಷದಲ್ಲಿ ಗೊತ್ತಾಗುತ್ತದೆ. ಹೆಚ್ಚಿನ ಸಲ ಸಿಕ್ಕಿಬೀಳುವುದು ಮಾಸ್ಟರಿನ ಮೇಲಿರುವ ಲಿಮಿಟರ್ (ಸದ್ದು ಮಿತಿ ಮೀರದಂತೆ ತಡೆಯುವ ಪ್ಲಗಿನ್) ಮತ್ತು ಲೀನಿಯರ್ ಫೇಸ್ ಎಂಬ ಬಗೆಯ ಈಕ್ಯೂ. ಲಿಮಿಟರಿನಲ್ಲಿ ಓವರ್‌ಸ್ಯಾಂಪ್ಲಿಂಗ್ (ಹೆಚ್ಚಿನ ಸ್ಯಾಂಪಲ್ ರೇಟಿನಲ್ಲಿ ಲೆಕ್ಕ ಹಾಕುವುದು) 8 ಪಟ್ಟು ಇಟ್ಟಿದ್ದರೆ ಅದರ ಕೆಲಸವೂ ಹೆಚ್ಚುಕಡಿಮೆ ಅಷ್ಟೇ ಪಟ್ಟು ಏರುತ್ತದೆ. ಇವೆರಡಕ್ಕೂ ಮುಂದಿನ ಸದ್ದನ್ನು ಸ್ವಲ್ಪ ಕಾದು ನೋಡುವ ಅಭ್ಯಾಸ ಇರುವುದರಿಂದ ಹಾಡುವವರ ಕಿವಿಗೆ ಧ್ವನಿ ತಡವಾಗಿ ಬರುವಂತೆಯೂ ಮಾಡುತ್ತವೆ. ರೆಕಾರ್ಡಿಂಗ್ ಮುಗಿಯುವ ತನಕ ಮಾಸ್ಟರ್ ಖಾಲಿ ಇರಲಿ. ಈ ಒಂದು ವಿಷಯದಲ್ಲಿ ನಾನು ರಾಜಿ ಮಾಡಿಕೊಳ್ಳುವುದಿಲ್ಲ.

ತೆಂಕುತಿಟ್ಟಿನ ಹಿಮ್ಮೇಳ ಎಂದರೆ ಭಾಗವತರು, ಚೆಂಡೆ, ಮದ್ದಳೆ, ಚಕ್ರತಾಳ, ಜೊತೆಗೆ ಶ್ರುತಿ. ಎಲ್ಲರೂ ಒಟ್ಟಿಗೆ ನುಡಿಸಿದರೇ ಚಂದ. ಲಯ ಹಾಡಿನೊಟ್ಟಿಗೆ ಉಸಿರಾಡುವುದರಿಂದ ಕ್ಲಿಕ್ ಟ್ರ್ಯಾಕ್ (ಲಯ ಹಿಡಿಯಲು ಟಿಕ್ ಟಿಕ್ ಸದ್ದು) ಹಾಕಿ ಒಬ್ಬೊಬ್ಬರನ್ನಾಗಿ ಹಿಡಿಯುವುದು ನನಗೆ ಸರಿ ಕಾಣುವುದಿಲ್ಲ. ಭಾಗವತರಿಗೆ ಒಂದು ಮೈಕ್, ಮದ್ದಳೆಯ ಎರಡು ಬದಿಗೆ ಎರಡು, ಚೆಂಡೆಗೆ ಎರಡು, ಚಕ್ರತಾಳಕ್ಕೆ ಒಂದು. ಒಟ್ಟು 6 ಲೈವ್ ಟ್ರ್ಯಾಕ್. ಈ ಆರರ ಮೇಲೂ ಒಂದೇ ಒಂದು ಪ್ಲಗಿನ್ ಹಾಕುವುದಿಲ್ಲ. ಹೆಡ್‌ಫೋನಿಗೆ ಇಂಟರ್‌ಫೇಸಿನ ಡೈರೆಕ್ಟ್ ಮಾನಿಟರಿಂಗ್ ಕೊಟ್ಟರೆ ಧ್ವನಿ ಕಂಪ್ಯೂಟರಿನೊಳಗೆ ಹೋಗಿ ಬರುವ ಅಗತ್ಯವೇ ಇಲ್ಲ. ಆಗ ಬಫರ್ 512 ಇಟ್ಟರೂ ಯಾರಿಗೂ ತೊಂದರೆಯಾಗದು. ಭಾಗವತರಿಗೆ ಕಿವಿಯಲ್ಲಿ ಸ್ವಲ್ಪ ಗುಂಗು ಬೇಕು ಎಂದಾದರೆ ಒಂದು ಸೆಂಡ್ (ಧ್ವನಿಯ ಪ್ರತಿಯನ್ನು ಬೇರೆ ಟ್ರ್ಯಾಕಿಗೆ ಕಳುಹಿಸುವ ದಾರಿ) ತೆಗೆದು ಹಗುರವಾದ ಸಾಮಾನ್ಯ ರಿವರ್ಬ್ ಹಾಕಿ. ದೇವಸ್ಥಾನದ ಪ್ರತಿಧ್ವನಿಯ ಸ್ಯಾಂಪಲ್ ಹಾಕುವ ಕನ್ವಲ್ಯೂಷನ್ ರಿವರ್ಬ್ ಈ ಹೊತ್ತಿಗೆ ಬೇಡ. ಶ್ರುತಿಗೆ ತಂಬೂರದ ಪ್ಲಗಿನ್ ಓಡಿಸುತ್ತಾ ಕೂರುವುದಕ್ಕಿಂತ ಮೊದಲೇ ಅದನ್ನು ವೇವ್ ಫೈಲ್ ಮಾಡಿ ಇಟ್ಟುಕೊಳ್ಳುವುದು ಒಳ್ಳೆಯದು.

ಮಿಕ್ಸಿಂಗಿಗೆ ಬಂದಾಗ ಸೈಡ್‌ಚೈನ್ (ಒಂದು ಟ್ರ್ಯಾಕಿನ ಸದ್ದಿನಿಂದ ಇನ್ನೊಂದರ ಪ್ಲಗಿನನ್ನು ನಡೆಸುವುದು) ಕಡೆ ಗಮನ ಬೇಕು. ಚೆಂಡೆಯ ಪೆಟ್ಟು ಸಾಹಿತ್ಯವನ್ನು ಮುಚ್ಚದಿರಲಿ ಎಂದು ಚೆಂಡೆಯ ಮೇಲೆ ಕಂಪ್ರೆಸರ್ ಹಾಕಿ, ಅದಕ್ಕೆ ಭಾಗವತರ ಧ್ವನಿಯನ್ನು ಸೈಡ್‌ಚೈನ್ ಕೊಡುವುದು ರೂಢಿ. ಹಾಗೆ ಮಾಡಿದ ಕೂಡಲೇ ಚೆಂಡೆಯ ಟ್ರ್ಯಾಕ್ ಭಾಗವತರ ಟ್ರ್ಯಾಕಿಗಾಗಿ ಕಾಯಬೇಕಾಗುತ್ತದೆ. ಎರಡು ಕೋರ್‌ಗಳಲ್ಲಿ ಒಟ್ಟೊಟ್ಟಿಗೆ ನಡೆಯುತ್ತಿದ್ದದ್ದು ಒಂದೇ ಸಾಲಾಯಿತು. ಸೆಂಡ್ ಪಡೆಯುವ ರಿವರ್ಬ್ ಟ್ರ್ಯಾಕಿನದ್ದೂ ಅದೇ ಕಥೆ: ಕಳುಹಿಸುವವರೆಲ್ಲ ಮುಗಿಸಿದ ಮೇಲಷ್ಟೇ ಅದರ ಸರದಿ. ಬಸ್ಸಿನೊಳಗೆ ಬಸ್, ಅದರೊಳಗೆ ಇನ್ನೊಂದು ಎಂದು ನಾಲ್ಕು ಮೆಟ್ಟಿಲು ಕಟ್ಟಿದ ಪ್ರಾಜೆಕ್ಟುಗಳಲ್ಲಿ ಕೋರ್‌ಗಳು ಖಾಲಿ ಇದ್ದೂ ಯಂತ್ರ ಸೋಲುವುದು ಇದರಿಂದಲೇ. ಸೈಡ್‌ಚೈನಿಗೆ ಧ್ವನಿಯನ್ನು ಭಾಗವತರ ಪ್ಲಗಿನ್‌ಗಳ ನಂತರ ತೆಗೆಯಬೇಕೆಂದಿಲ್ಲ. ಅದೇ ರೆಕಾರ್ಡಿಂಗಿನ ಒಂದು ನಕಲನ್ನು ಪ್ಲಗಿನ್ ಇಲ್ಲದ ಬೇರೆ ಟ್ರ್ಯಾಕಿನಲ್ಲಿ ಇಟ್ಟು, ಮಾಸ್ಟರಿಗೆ ಹೋಗುವ ದಾರಿ ಮುಚ್ಚಿ, ಅಲ್ಲಿಂದ ಕೊಟ್ಟರೆ ಚೆಂಡೆ ಹೆಚ್ಚು ಹೊತ್ತು ಕಾಯಬೇಕಾಗಿಲ್ಲ.

ರೀಪರ್‌ಗೆ ಇನ್ನೊಂದು ಬಲವಿದೆ: ಆ್ಯಂಟಿಸಿಪೇಟಿವ್ ಎಫ್ಎಕ್ಸ್. ಮೊದಲೇ ರೆಕಾರ್ಡ್ ಆಗಿರುವ ಟ್ರ್ಯಾಕ್‌ಗಳ ಲೆಕ್ಕವನ್ನು ಅದು ಮುಂಚಿತವಾಗಿಯೇ, ಡಿಫಾಲ್ಟ್ ಆಗಿ 200 ಮಿಲಿಸೆಕೆಂಡ್ ಮುಂದೆ, ಮಾಡಿಟ್ಟುಕೊಳ್ಳುತ್ತದೆ. ಆ ಟ್ರ್ಯಾಕ್‌ಗಳಿಗೆ 2.67ರ ಬಿಗಿ ಗಡುವು ಸಡಿಲವಾಗುತ್ತದೆ, ಕೋರ್‌ಗಳೂ ಚೆನ್ನಾಗಿ ತುಂಬುತ್ತವೆ. ರೆಕಾರ್ಡಿಗೆ ಆರ್ಮ್ ಮಾಡಿ (ಸಿದ್ಧಗೊಳಿಸಿ) ಮಾನಿಟರ್ ಹಾಕಿದ ಟ್ರ್ಯಾಕಿಗೆ ಮಾತ್ರ ಇದು ಅನ್ವಯಿಸದು. ಇನ್ನೂ ಹಾಡದ ಸಾಲನ್ನು ಮುಂಚಿತವಾಗಿ ಲೆಕ್ಕ ಹಾಕುವುದು ಹೇಗೆ? ಆ ಧ್ವನಿ ಹಾದುಹೋಗುವ ಬಸ್ಸುಗಳೂ ಬಿಗಿ ಗಡುವಿಗೆ ಬೀಳುತ್ತವೆ. ಆದ್ದರಿಂದ ಟೇಕ್ ಮುಗಿದ ಕೂಡಲೇ ಆರ್ಮ್ ತೆಗೆಯಿರಿ. ಕ್ಯೂಬೇಸ್ ಎಂಬ ಸಾಫ್ಟ್‌ವೇರಿನ ಏಸಿಯೋ ಗಾರ್ಡ್ ಮಾಡುವುದೂ ಇದೇ ಕೆಲಸ. ಮ್ಯಾಕ್‌ನ ಲಾಜಿಕ್ ಪ್ರೊದಲ್ಲಿ ವಾದ್ಯದ ಟ್ರ್ಯಾಕನ್ನು ಸುಮ್ಮನೆ ಸೆಲೆಕ್ಟ್ ಮಾಡಿದರೂ ಅದು ಲೈವ್ ಆಗಿ ಒಂದೇ ಕೋರ್ ಮೇಲೆ ಭಾರ ಬೀಳುತ್ತದೆ. ಒಂದು ಖಾಲಿ ಆಡಿಯೋ ಟ್ರ್ಯಾಕ್ ಮಾಡಿ ಅದನ್ನು ಸೆಲೆಕ್ಟ್ ಮಾಡಿ ಪ್ಲೇ ಒತ್ತಿದರೆ ಮೀಟರ್ ಇಳಿಯುವುದು ಕಣ್ಣಿಗೇ ಕಾಣುತ್ತದೆ.

ಭಕ್ತಿಗೀತೆಗಳಿಗೆ ಕಾಂಟ್ಯಾಕ್ಟ್ (ವಾದ್ಯಗಳ ರೆಕಾರ್ಡ್ ಮಾಡಿದ ಸದ್ದನ್ನು ನುಡಿಸುವ ಪ್ಲಗಿನ್) ಬಳಸುವವರು ಒಂದೇ ಕಾಂಟ್ಯಾಕ್ಟಿನೊಳಗೆ ಕೊಳಲು, ವೀಣೆ, ತಬಲಾ, ಸ್ಟ್ರಿಂಗ್ಸ್ ಎಲ್ಲ ತುಂಬಿಸಬೇಡಿ. ಹೊರಗಿನ ಸಾಫ್ಟ್‌ವೇರಿಗೆ ಅದು ಒಂದೇ ಟ್ರ್ಯಾಕಿನ ಒಂದೇ ಪ್ಲಗಿನ್. ವಾದ್ಯಕ್ಕೊಂದು ಕಾಂಟ್ಯಾಕ್ಟ್ ತೆರೆದು ಬೇರೆ ಬೇರೆ ಟ್ರ್ಯಾಕಿನಲ್ಲಿ ಇಟ್ಟರೆ ಕೆಲಸ ಹಂಚಿಹೋಗುತ್ತದೆ. ಅದರೊಳಗಿನ ಮಲ್ಟಿಪ್ರೊಸೆಸರ್ ಸೆಟ್ಟಿಂಗನ್ನು ಆಗ ಆಫ್ ಮಾಡಿಡಿ, ಇಲ್ಲವಾದರೆ ಹಂಚುವವರು ಇಬ್ಬರಾಗಿ ಒಬ್ಬರ ಕೆಲಸಕ್ಕೆ ಇನ್ನೊಬ್ಬರು ಅಡ್ಡ ಬರುತ್ತಾರೆ.

ಇಂಟೆಲ್‌ನ 12ನೇ ತಲೆಮಾರಿನಿಂದ ಈಚೆಗೆ ಬಂದ ಹಲವು ಲ್ಯಾಪ್‌ಟಾಪ್‌ಗಳಲ್ಲಿ ಕೋರ್‌ಗಳು ಎರಡು ಬಗೆ. ಐ7 12700ಎಚ್ ತೆಗೆದುಕೊಂಡರೆ 6 ವೇಗದ ಕೋರ್, 8 ಮಿತವ್ಯಯದ ಕೋರ್, ಒಟ್ಟು 20 ಥ್ರೆಡ್ (ವೇಗದ ಕೋರಿಗೆ ಎರಡು, ಮಿತವ್ಯಯದ್ದಕ್ಕೆ ಒಂದರಂತೆ ಏಕಕಾಲಕ್ಕೆ ನಡೆಯುವ ಕೆಲಸ). ಉದ್ದದ ಸಾಲೊಂದು ಮಿತವ್ಯಯದ ಕೋರ್ ಮೇಲೆ ಬಿದ್ದರೆ ಮುಗಿಯಲು ಹೆಚ್ಚು ಹೊತ್ತು ಬೇಕು, ಎಲ್ಲರೂ ಅದಕ್ಕೆ ಕಾಯಬೇಕು. ರೀಪರ್‌ನ ಆಡಿಯೋ ಬಫರಿಂಗ್ ಪುಟದಲ್ಲಿ ಥ್ರೆಡ್‌ಗಳ ಸಂಖ್ಯೆ ತಾನಾಗಿ ಗುರುತಿಸುವ ಟಿಕ್ ತೆಗೆದು 6 ಎಂದು ಕೊಟ್ಟು ನೋಡಿ, ಆಮೇಲೆ 12 ಕೊಟ್ಟು ನೋಡಿ. ಲಾಂಗೆಸ್ಟ್ ಬ್ಲಾಕ್ ಯಾವುದರಲ್ಲಿ ಕಡಿಮೆಯೋ ಅದನ್ನು ಉಳಿಸಿಕೊಳ್ಳಿ. ಹೈಪರ್‌ಥ್ರೆಡಿಂಗಿನ ಎರಡನೇ ಥ್ರೆಡ್ ಇನ್ನೊಂದು ಕೋರ್ ಅಲ್ಲ, ಒಂದೇ ಕೋರನ್ನು ಇಬ್ಬರು ಹಂಚಿಕೊಳ್ಳುವುದು ಅಷ್ಟೆ.

ನಿಮ್ಮ ಯಂತ್ರದ ನಿಜವಾದ ಶಕ್ತಿ ತಿಳಿಯಲು ಹೀಗೆ ಮಾಡಿ. ಖಾಲಿ ಪ್ರಾಜೆಕ್ಟ್, ಬಫರ್ 128, ಆ್ಯಂಟಿಸಿಪೇಟಿವ್ ಆಫ್. ಒಂದು ಟ್ರ್ಯಾಕಿನಲ್ಲಿ ಒಂದೇ ಭಾರದ ಪ್ಲಗಿನನ್ನು ಸದ್ದು ಒಡೆಯುವ ತನಕ ಸೇರಿಸುತ್ತಾ ಹೋಗಿ, ಸಂಖ್ಯೆ ಬರೆದಿಡಿ. ಆಮೇಲೆ ಅದೇ ಪ್ಲಗಿನನ್ನು 8 ಟ್ರ್ಯಾಕ್‌ಗಳಲ್ಲಿ ಸಮವಾಗಿ ಹಂಚಿ ಒಡೆಯುವ ತನಕ ಸೇರಿಸಿ. ಮೊದಲನೆಯದು 15 ಎಂದಾದರೆ ಎರಡನೆಯದು 120 ಆಗುತ್ತದೆಂದು ನಿರೀಕ್ಷಿಸಬೇಡಿ. ಎಲ್ಲ ಕೋರ್‌ಗಳೂ ದುಡಿಯುವಾಗ ಟರ್ಬೋ ವೇಗ ಇಳಿಯುತ್ತದೆ, ಮೆಮೊರಿ ಹಂಚಿಕೆಯಾಗುತ್ತದೆ, ಒಬ್ಬರಿಗೊಬ್ಬರು ಕಾಯುವ ಹೊತ್ತೂ ಸೇರುತ್ತದೆ.

ಇದನ್ನು 20 ನಿಮಿಷ ಲೂಪ್ ಹಾಕಿ ಬಿಟ್ಟು ಪುನಃ ನೋಡಬೇಕು. ಮಾರ್ಚ್, ಏಪ್ರಿಲಿನ ಕಾಸರಗೋಡಿನ ಸೆಕೆಯಲ್ಲಿ, ಮೈಕಿಗೆ ಕೇಳಿಸದಿರಲಿ ಎಂದು ಫ್ಯಾನ್, ಎಸಿ ಎರಡನ್ನೂ ಆಫ್ ಮಾಡಿದ ಕೋಣೆಯಲ್ಲಿ ಲ್ಯಾಪ್‌ಟಾಪ್ ಬಿಸಿಯೇರಿ ತನ್ನ ವೇಗವನ್ನು ತಾನೇ ಇಳಿಸಿಕೊಳ್ಳುತ್ತದೆ. ಮೊದಲ ಪದ್ಯಕ್ಕೆ ಹಿಡಿದ ಸೆಟ್ಟಿಂಗ್ ನಾಲ್ಕನೆಯ ಪದ್ಯಕ್ಕೆ ಸಾಲದೆ ಹೋಗುವುದು ಹಾಗೆ. ಲ್ಯಾಪ್‌ಟಾಪನ್ನು ಎರಡು ಇಂಚು ಎತ್ತರಿಸಿಡಿ, ಟೇಕುಗಳ ನಡುವೆ ಫ್ಯಾನ್ ಹಾಕಿ. ಮಳೆಗಾಲದಲ್ಲಿ ಇನ್ನೊಂದು: ಕರೆಂಟು ಹೋದ ಕ್ಷಣ ಲ್ಯಾಪ್‌ಟಾಪ್ ಬ್ಯಾಟರಿಗೆ ಹಾರಿ ಪ್ರೊಸೆಸರ್ ವೇಗ ಕುಸಿಯುತ್ತದೆ, ಟೇಕ್ ಅಲ್ಲೇ ಹಾಳು. ವಿಂಡೋಸ್‌ನ ಪವರ್ ಆಪ್ಷನ್ಸ್‌ನಲ್ಲಿ ಮಿನಿಮಮ್ ಪ್ರೊಸೆಸರ್ ಸ್ಟೇಟ್ ಶೇಕಡಾ 100 ಎಂಬುದನ್ನು ಬ್ಯಾಟರಿ, ಪ್ಲಗ್ ಇನ್ ಎರಡರಲ್ಲೂ ಕೊಡಿ. ಯುಎಸ್‌ಬಿ ಸೆಲೆಕ್ಟಿವ್ ಸಸ್ಪೆಂಡ್ ಆಫ್ ಮಾಡಿ. ಕೆಲವು ಲ್ಯಾಪ್‌ಟಾಪ್‌ಗಳು ಇಷ್ಟು ಮಾಡಿದರೂ ಬ್ಯಾಟರಿಯಲ್ಲಿ ನಿಧಾನವೇ, ಅವಕ್ಕೆ ಯುಪಿಎಸ್ ಒಂದೇ ದಾರಿ. ಇಷ್ಟೆಲ್ಲ ಸರಿಯಿದ್ದು ಮೀಟರ್ ಕಡಿಮೆ ತೋರಿಸುವಾಗಲೂ ಆಗಾಗ ಪಟ್ ಎನ್ನುತ್ತಿದ್ದರೆ ಅದು ಕೋರ್‌ಗಳ ವಿಷಯವಲ್ಲ, ಯಾವುದೋ ಡ್ರೈವರ್ ಪ್ರೊಸೆಸರನ್ನು ಹಿಡಿದಿಟ್ಟುಕೊಳ್ಳುತ್ತಿದೆ. ಲೇಟೆನ್ಸಿಮಾನ್ ಎಂಬ ತಪಾಸಣೆಯ ಸಾಫ್ಟ್‌ವೇರ್ ಓಡಿಸಿದರೆ ಹೆಸರು ಸಿಗುತ್ತದೆ. ಮೊದಲು ವೈಫೈ ಆಫ್ ಮಾಡಿ ನೋಡಿ.

ಕೊಳ್ಳುವವರಿಗೆ ಒಂದು ಮಾತು: ಕಡಿಮೆ ಬೆಲೆಗೆ ಸಿಗುವ, ತುಂಬಾ ಕೋರ್‌ಗಳ ಆದರೆ ಕಡಿಮೆ ಗಿಗಾಹರ್ಟ್ಸ್‌ನ ಹಳೆಯ ಸರ್ವರ್ ಪ್ರೊಸೆಸರ್‌ಗಳು ಲೈವ್ ರೆಕಾರ್ಡಿಂಗಿಗೆ ಒಗ್ಗುವುದಿಲ್ಲ. ವೇಗದ 6 ಅಥವಾ 8 ಕೋರ್ ಮೇಲು.

ಕೊನೆಗೆ ರೆಂಡರ್, ಅಂದರೆ ಎಲ್ಲ ಟ್ರ್ಯಾಕ್ ಸೇರಿಸಿ ಹಾಡನ್ನು ಒಂದೇ ಫೈಲಾಗಿ ತೆಗೆಯುವುದು. ಆಗ ಗಡುವೇ ಇಲ್ಲ, ಬಫರಿನ ಮಾತೂ ಇಲ್ಲ. ಮಾಸ್ಟರಿನ ಲಿಮಿಟರನ್ನು ಮರಳಿ ಹಾಕಿ ಓವರ್‌ಸ್ಯಾಂಪ್ಲಿಂಗ್ ಬೇಕಾದಷ್ಟು ಏರಿಸಬಹುದು. ಸ್ಯಾಂಪಲ್ ವಾದ್ಯಗಳಿರುವ ಹಾಡಿನಲ್ಲಿ ಫುಲ್ ಸ್ಪೀಡ್ ಆಫ್‌ಲೈನ್ ರೆಂಡರ್ ಮಾಡಿದಾಗ ಕೆಲವು ಸ್ವರಗಳು ಬಿಟ್ಟುಹೋದರೆ ರೀಪರ್‌ನ ರೆಂಡರ್ ಕಿಟಕಿಯಲ್ಲಿ 1ಎಕ್ಸ್ ಆಫ್‌ಲೈನ್ ಆರಿಸಿ, ಹಾಡು ಎಷ್ಟು ಉದ್ದವೋ ಅಷ್ಟು ಹೊತ್ತು ಕಾಯಿರಿ, ಫೈಲನ್ನು ಪೂರ್ತಿ ಕೇಳಿದ ಮೇಲೆಯೇ ಕಳುಹಿಸಿ.